ಜೋಳಕ್ಕೂ ಡಬಲ್ ರೊಕ್ಕ ಕೊಡಬೇಕೇನ್ರಿ? ಒಂದು ಸಾವಯವ ಅಂಗಡಿ ಬಿಲ್ಲಿನ ಜಗಳ

ಬಳ್ಳಾರಿ ಬಿಸಿಲು
ಭಾನುವಾರ, ರಾತ್ರಿ 9:10

ಮನಿಯಾಗ ಸಣ್ಣದೊಂದು ಜಗಳ ನಡದೈತಿ, ನ್ಯಾಯ ನೀವು ಹೇಳ್ರಿ.

ಗಾಂಧಿನಗರದ ಕಡೆ ಹೊಸದಾಗಿ ಒಂದು ಸಾವಯವ ಅಂಗಡಿ ಆಗೈತಿ. ಹೆಸರು ಬ್ಯಾಡ ಬಿಡ್ರಿ. ಹೊರಗ 41 ಡಿಗ್ರಿ, ಒಳಗ ಎಸಿ. ಗೋಡಿಗೆ ಬಿದಿರಿನ ತಟ್ಟಿ. ಮೂಲ್ಯಾಗ ಹಳೇ ಬೀಸೋಕಲ್ಲು ಇಟ್ಟು ಅದರ ಮ್ಯಾಲೆ ಮನಿ ಪ್ಲಾಂಟ್ ಕುಂಡ. ನಮ್ಮವ್ವ ನೋಡಿದ್ರ ಮೊದಲು ಆ ಕುಂಡ ಎತ್ತಿ ಕೆಳಗ ಇಡ್ತಿದ್ಲು. ದೊಡ್ಡ ಗಾಜಿನ ಡಬ್ಬಿಯೊಳಗ ಬಿಳಿಜೋಳ, ಅದಕ್ಕೊಂದು ಮರದ ಸೌಟು, ಮ್ಯಾಲೊಂದು ಹಲಗಿ: "ಪ್ರೀತಿಯಿಂದ ಬೆಳೆದದ್ದು".

ನಾ ತಂದಿದ್ದು: ಜೋಳದ ಹಿಟ್ಟು 2 ಕೆ.ಜಿ. 220, ಪಾಲಿಶ್ ಇಲ್ಲದ ಸೋನಾಮಸೂರಿ 5 ಕೆ.ಜಿ. 625, ನವಣಕ್ಕಿ 1 ಕೆ.ಜಿ. 140, ಗಾಣದ ಶೇಂಗಾ ಎಣ್ಣಿ 1 ಲೀಟರ್ 420, ಕಪ್ಪು ಬೆಲ್ಲ 1 ಕೆ.ಜಿ. 130, ತೊಗರಿಬ್ಯಾಳಿ 1 ಕೆ.ಜಿ. 260, ಮೆಣಸಿನಪುಡಿ ಕಾಲು ಕೆ.ಜಿ. 210, ಗುಲಾಬಿ ಬಣ್ಣದ ಉಪ್ಪು 1 ಕೆ.ಜಿ. 120, ತುಪ್ಪ ಕಾಲು ಲೀಟರ್ 480, ಬಟ್ಟಿ ಚೀಲಕ್ಕ 30. ಎಲ್ಲಾ ಕೂಡಿ 2,635.

ಮನಿಯವ್ರು ಏನೂ ಮಾತಾಡಲಿಲ್ಲ. ಬಿಲ್ ತಿರುವಿ ಹಿಂದ್ಗಡೆ ಪೆನ್ನಿಲೆ ನಮ್ಮ ಓಣಿ ಕಿರಾಣಿ ಅಂಗಡಿ ರೇಟ್ ಒಂದೊಂದಾಗಿ ಬರದ್ರು. 1,188 ಆಯ್ತು. ಆಮ್ಯಾಲೆ ಕೇಳಿದ್ರು, "ಹಂಗಾರ ಪ್ರೀತಿಗೆ 1,447 ರೂಪಾಯಿ ಏನು?"

ನನಗ ಆರು ವರ್ಷದ ಮಗಳದಾಳ. ತಿನ್ನೋದ್ರಾಗ ವಿಷ ಕಡಿಮಿ ಇರ್ಲಿ ಅಂತ ಆಸೆ, ಅಷ್ಟ. ಇದ್ರಾಗ ಯಾವುದಕ್ಕ ಕೊಟ್ಟಿದ್ದು ಸಾರ್ಥಕ, ಯಾವುದು ದಂಡ? ಗೊತ್ತಿದ್ದೋರು ಹೇಳ್ರಿ.


ತೀನ್ ಕಂದೀಲ್
ಭಾನುವಾರ, ರಾತ್ರಿ 9:32

ಯಕ್ಕಾ, ಮನಿಯವ್ರಿಗೆ ನನ್ನ ನಮಸ್ಕಾರ ಹೇಳ್ರಿ. ಲೆಕ್ಕದ ಮನಿಷಾ.

ನಮ್ಮ ರಾಯಚೂರಾಗೂ ಹಿಂಥಾದೊಂದು ಅದ. ನಾ ಸುಮ್ನ ಎಸಿ ಹವಾ ತಗೊಳ್ಳಿಕ್ಕೆ ಹೋಗಿದ್ದೆ. ಮೊದ್ಲು ನಿಮ್ಮ ಉಪ್ಪಿನ ಮಾತು. ಹಿಮಾಲಯದ ಹೆಸರಿನ ಮ್ಯಾಲೆ ಮಾರೋ ಆ ಗುಲಾಬಿ ಉಪ್ಪಿಗೆ ಹೆಸರಾದ ಗಣಿ ಇರೋದು ಪಾಕಿಸ್ತಾನದ ಪಂಜಾಬಿನ ಖೇವ್ಡಾದಾಗ. ನಮ್ಮಜ್ಜಿ ಅದಕ್ಕ ಸೈಂಧಲವಣ ಅಂತಿದ್ಲು, ಹೊಟ್ಟಿ ಉಬ್ಬರಿಸಿದ್ರ ಚಿಟಿಕಿ ಕೊಡ್ತಿದ್ಲು, ಕಿಲೋಗಟ್ಲೆ ಅಲ್ಲ. ಉಪ್ಪಿಗೆ ಯಾರರ ಯೂರಿಯಾ ಹಾಕಿ ಬೆಳೀತಾರೇನ್ರಿ, ಅದು ಸಾವಯವ ಆಗ್ಲಿಕ್ಕೆ? ಮ್ಯಾಲಾಗಿ ಅದ್ರಾಗ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರೂದಿಲ್ಲ. ಆರು ವರ್ಷದ ಕೂಸಿರೋ ಮನಿಯಾಗ ದಿನಾ ಅದನ್ನ ಉಣ್ಣಬ್ಯಾಡ್ರಿ.

ತುಪ್ಪ. ಡಬ್ಬಿ ಮ್ಯಾಲೆ ಎ2 ಅಂತ ಬರದಿತ್ತಾ? 2024ರ ಆಗಸ್ಟ್‌ನಾಗ ಆಹಾರ ಸುರಕ್ಷತಾ ಪ್ರಾಧಿಕಾರ ಎ1, ಎ2 ಅನ್ನೋ ಬರಹ ಎಲ್ಲಾ ತೆಗೀರಿ ಅಂತು. ಒಂದು ವಾರದೊಳಗ ತಾನೇ ಆ ಆದೇಶ ವಾಪಸ್ ತಗೊಂತು. ಆದ್ರ ಎ2 ಅನ್ನೋದು ಹಾಲಿನ ಪ್ರೋಟೀನಿನ ಮಾತು, ತುಪ್ಪ ಅಂದ್ರ ಬರೇ ಕೊಬ್ಬು. ಇಲ್ಲದ ಪ್ರೋಟೀನಿಗೆ 480 ಕೊಟ್ರಿ.

ನನ್ನ ತೀರ್ಪು: ಪೂರಾ ದಂಡ. ರೊಕ್ಕಸ್ಥರ ಹೊಸಾ ದೇವಸ್ಥಾನ ಇದು.


ಎರೆಹುಳು
ಭಾನುವಾರ, ರಾತ್ರಿ 10:05

ಕಂದೀಲ್ ಸರ್, ಉಪ್ಪು–ತುಪ್ಪದ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. 'ಪೂರಾ ದಂಡ' ಎನ್ನುವುದನ್ನು ಒಪ್ಪಲಾರೆ. ನಾನು ಕೃಷಿ ಓದಿದವನು, ಈಗ ಮಸ್ಕಿ ಕಡೆ ಕೆಲಸ.

ಬಿಸಿಲು ಮೇಡಂ, ಪೊಟ್ಟಣಗಳು ಇನ್ನೂ ಇದ್ದರೆ ತಿರುಗಿಸಿ ನೋಡಿ. 'ಜೈವಿಕ್ ಭಾರತ್' ಎಂಬ ಸಾವಯವ ಗುರುತು ಯಾವುದರ ಮೇಲಿದೆ? 2017ರಲ್ಲಿ ಸಾವಯವ ಆಹಾರಕ್ಕೆಂದೇ ಕೇಂದ್ರದ ನಿಯಮ ಬಂತು. ಅಂಗಡಿಯಲ್ಲಿ ಸಾವಯವ ಎಂದು ಬರೆದು ಮಾರಬೇಕಾದರೆ ಎರಡು ದಾರಿ. ಒಂದು, 2001ರಿಂದ ಇರುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಮಾಣಪತ್ರ. ಹೊರಗಿನ ಸಂಸ್ಥೆಯವರು ಹೊಲಕ್ಕೆ ಬಂದು ತಪಾಸಣೆ ಮಾಡುತ್ತಾರೆ. ಇನ್ನೊಂದು ಪಿಜಿಎಸ್. ಕನಿಷ್ಠ ಐದು ಜನ ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲ ಇನ್ನೊಬ್ಬರು ನೋಡಿ ಖಾತ್ರಿ ಕೊಡುವುದು. ರೈತರೇ ನೇರವಾಗಿ ಗಿರಾಕಿಗೆ ಮಾರಿದರೆ ಸಣ್ಣವರಿಗೆ ವಿನಾಯಿತಿ ಇದೆ, ಆದರೆ ಅವರು ಆ ಗುರುತು ಹಾಕುವಂತಿಲ್ಲ.

ಪೊಟ್ಟಣದ ಮೇಲಿನ 14 ಅಂಕಿಯ ಆಹಾರ ಲೈಸೆನ್ಸ್ ನಂಬರ್ ನೋಡಿ ಮೋಸ ಹೋಗಬೇಡಿ. ಅದು ಮಿರ್ಚಿ–ಮಂಡಕ್ಕಿ ಪ್ಯಾಕೆಟ್ ಮೇಲೂ ಇರುತ್ತದೆ. 'ನ್ಯಾಚುರಲ್', 'ಹಳ್ಳಿ ಸೊಗಡು', 'ಅಜ್ಜಿ ಕೈರುಚಿ' ಎಂದು ಬರೆದಿದ್ದರೆ ಅದರಿಂದ ಹೊಲದ ಸುದ್ದಿ ಏನೂ ತಿಳಿಯುವುದಿಲ್ಲ.


ಬಳ್ಳಾರಿ ಬಿಸಿಲು
ಭಾನುವಾರ, ರಾತ್ರಿ 10:20

ನೋಡಿದೆ. ಬ್ಯಾಳಿ, ಬೆಲ್ಲ, ಮೆಣಸಿನಪುಡಿ ಈ ಮೂರರ ಮ್ಯಾಲೆ ಐತಿ. ಅಕ್ಕಿ ಮ್ಯಾಲೆ '100% ನ್ಯಾಚುರಲ್'. ಜೋಳದ ಹಿಟ್ಟು ಖಾಕಿ ಕಾಗದದಾಗ ಹುರಿ ಕಟ್ಟಿ ಕೊಟ್ಟಾರ, ಏನೂ ಬರದಿಲ್ಲ. ತುಪ್ಪದ ಮ್ಯಾಲೆ ಆಕಳ ಚಿತ್ರ ಐತಿ. ಚಿತ್ರ ಚಂದ ಐತಿ.


ಯಲಬುರ್ಗಿ ಎರಿ
ಭಾನುವಾರ, ರಾತ್ರಿ 10:48

ತಂಗೀ, ಜೋಳದ ಹಿಟ್ಟಿಗೆ 110 ರೂಪಾಯಿ ಕಿಲೋ ಅಂದ್ಯಲ್ಲ, ಓದಿ ನನಗ ನಗು ಬಂತು, ಹಿಂದ ಸಿಟ್ಟೂ ಬಂತು.

ಹಿಂಗಾರಿ ಬಿಳಿಜೋಳ ಅಂದ್ರ ಏನಂತ ತಿಳಕೋ. ಮಳಿ ಕುಡದ ಎರಿ ಹೊಲದಾಗ ಸೆಪ್ಟೆಂಬರ್, ಅಕ್ಟೋಬರ್‌ದಾಗ ಕೂರಿಗಿ ಹೂಡ್ತೀವಿ. ಆಮ್ಯಾಲೆ ನೆಲದಾಗಿನ ಹಸಿ, ಮ್ಯಾಲಿನ ಇಬ್ಬನಿ, ಅಷ್ಟ ಅದಕ್ಕ. ನಡುವ ಕಡ್ಲಿನೋ ಕುಸುಬಿನೋ ಅಕ್ಕಡಿ ಸಾಲು. ಕುಸುಬಿ ಮುಳ್ಳು ಇರೂದ್ರಿಂದ ದನ ಹೊಲದಾಗ ನುಗ್ಗಂಗಿಲ್ಲ. ಇಂಥಾ ಬೆಳಿಗೆ ಎಣ್ಣಿ ಹೊಡೆಯವ ಯಾವ ಹುಚ್ಚ? ಹೊಡದ್ರ ಎಣ್ಣಿ ರೊಕ್ಕಾನೂ ವಾಪಸ್ ಬರಂಗಿಲ್ಲ. (ಪ್ಯಾಟಿ ಮಂದಿಗೆ ಹೇಳ್ತೀನಿ, ನಮ್ಮ ಕಡೆ 'ಎಣ್ಣಿ' ಅಂದ್ರ ಅಡಗಿ ಎಣ್ಣಿ ಅಲ್ಲ, ಬೆಳಿಗೆ ಹೊಡಿಯೂ ಔಷಧ.) ನಮ್ಮ ಹೊಲದ ಜೋಳಕ್ಕ ಯಾವ ಗುರುತೂ ಇಲ್ಲ, ಸಂತ್ಯಾಗ ಎಲ್ಲಾರ ಜೋಳದ ರೇಟ ನನಗೂ. ಪ್ರೀತಿಯಿಂದ ಬೆಳದೀನೋ ಸಿಟ್ಟಿಲೆ ಬೆಳದೀನೋ ಯಾರೂ ಕೇಳಿಲ್ಲ.

ನಾವು ಸಣ್ಣವರಿದ್ದಾಗ ಜೋಳ ಹಗೇವಿನಾಗ, ಅಂದ್ರ ನೆಲದಾಗ ತೋಡಿದ ಕಾಳಿನ ಕುಣ್ಯಾಗ, ಹಾಕ್ತಿದ್ರು. ಬುಡಕ, ಸುತ್ತ ಹುಲ್ಲು ಹಾಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ರ ಗಾಳಿ ಆಡ್ತಿರ್ಲಿಲ್ಲ, ಹುಳ ಬದುಕ್ತಿರ್ಲಿಲ್ಲ. ತಗಿಯೂ ದಿನ ಬಾಯಿ ತಗದು ಬಿಡ್ತಿದ್ರು, ತಾಸುಗಟ್ಲೆ ಹಂಗ. ಆಮ್ಯಾಲೆ ಹಗ್ಗಕ್ಕ ಕಂದೀಲು ಕಟ್ಟಿ ಇಳಸ್ತಿದ್ರು. ದೀಪ ಆರಿತು ಅಂದ್ರ ಯಾರೂ ಇಳಿಯಂಗಿಲ್ಲ. ನಮ್ಮಪ್ಪ ಒಂದ್ಸಲ ಮೂರು ಸಲ ಕಂದೀಲು ಇಳಸಿದ್ದು ನನಗ ನೆನಪೈತಿ. ಆ ಜೋಳದ ರೊಟ್ಟಿಗೆ ಒಂಥರಾ ವಾಸನಿ ಇರ್ತಿತ್ತು. ಅದ ವಾಸನಿ ಬೇಕು ಅಂತ ತಿಂತಿದ್ರು ಹಿರೇರು.

ಜೋಳ ತಿಂದವ ತೋಳ ಅಂತಿದ್ರು. ಈಗ ತೋಳ ಆಗಾಕ ಎಸಿ ಅಂಗಡಿಗೆ ಹೋಗಬೇಕಾಗೈತಿ.


ಎರೆಹುಳು
ಭಾನುವಾರ, ರಾತ್ರಿ 11:02

ಕಾಕಾ, ಹಗೇವಿನ ಮಾತು ಓದಿ ಖುಷಿಯಾಯಿತು. ಎರಡು ತಿದ್ದುಪಡಿಗೆ ಮಾತ್ರ ಅಪ್ಪಣೆ ಬೇಕು.

2018ರಲ್ಲಿ ಫಾಲ್ ಸೈನಿಕ ಹುಳು ನಮ್ಮ ರಾಜ್ಯಕ್ಕೆ ಬಂತು. ಮೊದಲು ಮೆಕ್ಕೆಜೋಳ, ಆಮೇಲೆ ಜೋಳದ ಸುಳಿಗೂ ಬಿತ್ತು. ಅಲ್ಲಿಂದ ಜೋಳಕ್ಕೂ ಹೊಡೆಯುವವರು ಇದ್ದಾರೆ, ಕಡಿಮೆ ಇರಬಹುದು. ಎರಡನೆಯದು, ಬಿತ್ತುವಾಗ ಡಿಎಪಿ ಎಂಬ ರಾಸಾಯನಿಕ ಗೊಬ್ಬರ ಹಾಕಿದ್ದರೆ ಎಣ್ಣೆ ಹೊಡೆಯದಿದ್ದರೂ ನಿಯಮದ ಪ್ರಕಾರ ಅದು ಸಾವಯವ ಅಲ್ಲ.

ಇನ್ನು ಗೋದಾಮು. ಹೊಲದಲ್ಲಿ ಶುದ್ಧ ಇದ್ದ ಜೋಳಕ್ಕೆ ಗೋದಾಮಿನಲ್ಲಿ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುತ್ತಾರೆ. ಅದರ ಗಾಳಿಗೆ ಹುಳ ಸಾಯುತ್ತದೆ. ಸರಿಯಾಗಿ ಗಾಳಿಗೆ ಬಿಟ್ಟರೆ ಹೋಗಿಬಿಡುತ್ತದೆ, ಅದು ಬೇರೆ ಮಾತು. ಆದರೂ ಬಿಸಿಲು ಮೇಡಂ ಕೇಳಿದ್ದು ಯಾವುದಕ್ಕೆ ರೊಕ್ಕ ಕೊಡಬೇಕು ಎಂದು. ಜೋಳಕ್ಕೆ ದುಪ್ಪಟ್ಟು ಕೊಡುವ ಅಗತ್ಯ ಇಲ್ಲ ಎನ್ನುವಲ್ಲಿ ನಾನೂ ಕಾಕಾ ಅವರ ಕಡೆಗೇ. ಮಳೆಯಾಶ್ರಯದ ನವಣೆಯದೂ ಹೆಚ್ಚುಕಡಿಮೆ ಇದೇ ಕಥೆ. ಅದರ ರೇಟ್ ಹೆಚ್ಚೋದು ಸಿಪ್ಪೆ ಬಿಡಿಸುವ ಕೆಲಸದಲ್ಲಿ, ಬೆಳೆಯುವುದರಲ್ಲಿ ಅಲ್ಲ.


ತೀನ್ ಕಂದೀಲ್
ಭಾನುವಾರ, ರಾತ್ರಿ 11:09

ಕಾಕಾ, ನನ್ನ ಹೆಸರಿನ ಕಂದೀಲು ಹಗೇವಿನಾಗ ಇಳಿಸಿದ್ದಕ್ಕ ಶುಕ್ರಿಯಾ. ನೋಡ್ರಿ, ಕೃಷಿ ಓದಿದವ್ರೇ ಒಪ್ಪಿದ್ರು. ಮುಂದಿನ ಕೇಸ್ ಯಾವುದು?


ಡಬ್ಬಿ ಮೆಣಸಿನಕಾಯಿ
ಸೋಮವಾರ, ಬೆಳಗ್ಗೆ 6:15

ಮುಂದಿನ ಕೇಸ್ ನಂದು ಅಣ್ಣಾ. ನಮ್ಮದು ಸಿರುಗುಪ್ಪ ತಾಲೂಕು. ಮೆಣಸಿನಕಾಯಿ ಮನಿತನ.

ಅಕ್ಕಾ, ಮೆಣಸಿನಪುಡಿಗೆ ಕೊಟ್ಟ 210 ದಂಡ ಅನ್ನಬ್ಯಾಡ್ರಿ. ಆ ಗುರುತು ಖರೇ ಇದ್ದಿದ್ದಾದ್ರ ಇಡೀ ಬಿಲ್ಲಿನಾಗ ಅದೊಂದ ಸಾರ್ಥಕ.

2021ರಾಗ ಕಪ್ಪು ಥ್ರಿಪ್ಸ್ ಅನ್ನೋ ಸಣ್ಣ ಹುಳ ಬಂತು ನೋಡ್ರಿ, ಹೂವಿನಾಗ ಕುಂತು ತಿಂತಿತ್ತು. ಹೂ ಕೊಡವಿದ್ರ ಅಂಗೈ ಮ್ಯಾಲೆ ಕರೇ ಎಳ್ಳು ಚೆಲ್ಲಿದಂಗ ಬೀಳ್ತಿದ್ವು. ಮೂರು ದಿನಕ್ಕೊಮ್ಮೆ, ನಾಕು ದಿನಕ್ಕೊಮ್ಮೆ ಎಣ್ಣಿ. ಅಂಗಡಿಯವ ಒಂದ್ರ ಜೋಡಿ ಇನ್ನೊಂದು ಕಲಸಿ ಹೊಡೀರಿ ಅಂತಿದ್ದ. ನಮ್ಮಪ್ಪ 16 ಲೀಟರ್ ಟ್ಯಾಂಕ್ ಬೆನ್ನಿಗೆ ಹಾಕ್ಕೊಂಡು, ಮೂಗಿಗೆ ಹಸಿ ಟವಲ್ ಕಟ್ಕೊಂಡು ಹೊಡೀತಿದ್ದ. ಟ್ಯಾಂಕಿನ ಮುಚ್ಚಳದಿಂದ ಸೋರಿ ಅಂಗಿ ಬೆನ್ನು ಪೂರಾ ಒದ್ದಿ. ಸಂಜೀಕ ಬಂದ್ರ ಊಟ ಬ್ಯಾಡ ಅಂತಿದ್ದ, ಬರೇ ಮಜ್ಜಿಗಿ ಕುಡದು ಮಲಗ್ತಿದ್ದ, ಕಣ್ಣು ಕೆಂಪು. ಅವ್ವ ಆ ಅಂಗಿ ಬ್ಯಾರೆ ಬಕೀಟಿನಾಗ ಒಗೀತಿದ್ಲು, ನಮ್ಮ ಅರಿವಿ ಜೋಡಿ ಸೇರಸ್ತಿರ್ಲಿಲ್ಲ. ಅಷ್ಟು ಮಾಡಿಯೂ ಆ ವರ್ಷ ಅರ್ಧ ಹೊಲ ಕಿತ್ತು ಹಾಕಿದ್ವಿ.

ಇನ್ನೊಂದು ಮಾತು. ನಮ್ಮ ಮನಿ ಖಾರಕ್ಕಂತ ಬಾವಿ ಕಡೆ ನಾಕು ಸಾಲು ಬ್ಯಾರೇನ ಹಾಕ್ತೀವಿ. ಅದಕ್ಕ ಬೇವಿನ ಬೀಜದ ಕಷಾಯ ಬಿಟ್ರ ಏನೂ ಹೊಡಿಯಂಗಿಲ್ಲ. ನಮ್ಮ ಊರಾಗ ಬಾಳ ಮಂದಿ ಹಂಗ ಮಾಡ್ತಾರ. ಇದನ್ನ ಬರಿಯಾಕ ನನಗ ನಾಚಿಕಿ ಆಗ್ತೈತಿ, ಆದ್ರ ಸುಳ್ಳು ಯಾಕ ಹೇಳ್ಲಿ.

ಎಲ್ಲಾರೂ ತಿನ್ನೋರ ಹೊಟ್ಟಿ ಬಗ್ಗೆ ಮಾತಾಡಾಕತ್ತೀರಿ. ನೀವು ಒಂದು ಊಟಕ್ಕ ತಿನ್ನೋದು ಅರ್ಧ ಚಮಚ ಖಾರ. ನಮ್ಮಪ್ಪ ವರ್ಷಗಟ್ಲೆ ಹೊತ್ತಿದ್ದು ಟ್ಯಾಂಕ್.


ಬಳ್ಳಾರಿ ಬಿಸಿಲು
ಸೋಮವಾರ, ಬೆಳಗ್ಗೆ 7:40

ತಂಗೀ, ಬೆಳಗ್ಗೆ ಇದನ್ನ ಓದಿ ಸುಮ್ಮನ ಕುಂತೆ. ಮಗಳ ಹೊಟ್ಟಿ ಅಂತ ಬರದೆ, ಟ್ಯಾಂಕಿನ ವಿಚಾರ ನನ್ನ ತಲ್ಯಾಗ ಬರಲೇ ಇಲ್ಲ. ಅಪ್ಪಾವ್ರು ಈಗ ಹೆಂಗದಾರ?


ಡಬ್ಬಿ ಮೆಣಸಿನಕಾಯಿ
ಸೋಮವಾರ, ಬೆಳಗ್ಗೆ 7:52

ಆರಾಮದಾರಕ್ಕ. ಈಗ ಹೊಡಿಯಾಕ ಕೂಲಿಗೆ ಹುಡುಗ್ರು ಬರ್ತಾರ. ಅಂದ್ರ ಟ್ಯಾಂಕ್ ಬ್ಯಾರೇಯವರ ಬೆನ್ನಿಗೆ ಹೋಗೈತಿ.


ತೀನ್ ಕಂದೀಲ್
ಸೋಮವಾರ, ಮಧ್ಯಾಹ್ನ 1:15

ತಂಗಿ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. 'ಪೂರಾ ದಂಡ' ಅಂದಿದ್ದು ವಾಪಸ್ ತಗೊಂಡೆ, ಪ್ರಾಧಿಕಾರದವ್ರಂಗ.

ಆದ್ರ ಒಂದು ಸವಾಲು ಉಳೀತು. ಬಿಸಿಲು ಅಕ್ಕ ಜಾಸ್ತಿ ಕೊಟ್ಟ ರೊಕ್ಕ ಎಣ್ಣಿ ಹೊಡಿಯದ ರೈತನ ಕೈಗೆ ಹೋಗ್ತದೋ, ಬಿದಿರಿನ ತಟ್ಟಿಗೆ ಹೋಗ್ತದೋ? ಬ್ಯಾಂಕಿನಾಗ ಇಡೀ ದಿನಾ ಇದನ್ನೇ ನೋಡ್ತೀನ್ರಿ, ರೊಕ್ಕ ನಡು ದಾರ್ಯಾಗ ಎಲ್ಲಿ ಇಳೀತದ ಅಂತ.


ಕಾರಟಗಿ ಗದ್ದಿ
ಸೋಮವಾರ, ರಾತ್ರಿ 8:30

ಕಂದೀಲಣ್ಣ, ನಿಮಗ ಲೆಕ್ಕಾನ ಬೇಕಲ್ಲ, ತಗೋರಿ. ನಾ ತುಂಗಭದ್ರಾ ಎಡದಂಡಿ ಕಾಲುವಿ ಕೆಳಗ ಎರಡು ಎಕರೆ ಸಾವಯವ ಮಾಡೀನಿ, ಉಳಿದದ್ದು ಎಲ್ಲಾರಂಗ. ಪೂರಾ ಮಾಡೂ ಧೈರ್ಯ ಇಲ್ಲ.

ಎಕರೆಕ್ಕ ಗೊಬ್ಬರ ಎಣ್ಣಿ ಹಾಕಿದ್ರ ನಮ್ಮ ಗದ್ಯಾಗ 38 ಚೀಲ ಬರ್ತೈತಿ, 75 ಕೆ.ಜಿ. ಚೀಲ. ಸಾವಯವದಾಗ ನನಗ ಬಂದಿದ್ದು 24. 2024-25ರ ಬೆಂಬಲ ಬೆಲಿ ಕ್ವಿಂಟಲ್‌ಗೆ 2,300, ಅಂದ್ರ ಚೀಲಕ್ಕ 1,725. ಗಂಗಾವತಿ ಮಿಲ್ಲಿಗೆ ಹಾಕಿದ್ರ ನನ್ನ ಭತ್ತಾನೂ ಅದ ಭತ್ತ. ಅವರಿಗೆ 65,550, ನನಗ 41,400. ಗೊಬ್ಬರ ಎಣ್ಣಿ ಖರ್ಚು ಅವರದು 16 ಸಾವಿರ. ನಂದು ಜೀವಾಮೃತ, ಕಳೆ ತೆಗಿಯೂ ಹೆಣ್ಣಾಳಿನ ಕೂಲಿ ಸೇರಿ 11 ಸಾವಿರ. ಎಲ್ಲಾ ಕಳದು ನೋಡಿದ್ರ ಎಕರೆಕ್ಕ 19 ಸಾವಿರ ನಾ ಹಿಂದ. ಮ್ಯಾಲೆ ಮೊದಲ ಎರಡು ವರ್ಷ ಪರಿವರ್ತನಾ ಅವಧಿ ಅಂತಾರ. ಎಣ್ಣಿ ಬಿಟ್ಟಿರಬೇಕು, ಗುರುತು ಮಾತ್ರ ಸಿಗಂಗಿಲ್ಲ.

ಯೂರಿಯಾ 45 ಕೆ.ಜಿ. ಚೀಲ 266 ರೂಪಾಯಿ 50 ಪೈಸೆ. ಸರ್ಕಾರ ಸಬ್ಸಿಡಿ ಕೊಟ್ಟು ಆ ರೇಟಿಗೆ ಕೊಡ್ತೈತಿ. ಸಗಣಿಗೆ ಯಾರು ಸಬ್ಸಿಡಿ ಕೊಡ್ತಾರ ಹೇಳ್ರಿ. ಜೀವಾಮೃತ ಅಂದ್ರ ಎಕರೆಕ್ಕ ಹತ್ತು ಕೆ.ಜಿ. ಸಗಣಿ, ಹತ್ತು ಲೀಟರ್ ಗಂಜಲ, ಎರಡು ಕೆ.ಜಿ. ಬೆಲ್ಲ, ಎರಡು ಕೆ.ಜಿ. ಕಾಳಿನ ಹಿಟ್ಟು, ಒಂದು ಹಿಡಿ ಮಣ್ಣು, 200 ಲೀಟರ್ ನೀರು. ಬರಿಯಾಕ ಸಸಾರ. ದಿನಾ ಎರಡು ಹೊತ್ತು ಕೋಲು ತಿರುವಬೇಕು. ನಮ್ಮ ಊರಾಗ ಟ್ರ್ಯಾಕ್ಟರ್ ಬಂದ ಮ್ಯಾಲೆ ಎತ್ತಿಲ್ಲ, ಆಕಳಿಲ್ಲ, ಸಗಣಿ ಪಕ್ಕದ ಊರಿಂದ ತರ್ತೀನಿ.

ನಿಮ್ಮ ಸವಾಲಿಗೆ ಉತ್ತರ ಈಗ. ಹೋದ ವರ್ಷ ಒಬ್ಬ ವ್ಯಾಪಾರಿ ಬಂದಿದ್ದ, ಇಂಥಾ ಅಂಗಡಿಗಳಿಗೆ ಅಕ್ಕಿ ಕೊಡಾವ. ನನಗ ಕಿಲೋಕ್ಕ 55, ಅದೂ ಎರಡು ತಿಂಗಳ ಉದ್ರಿ. ಅಕ್ಕ ಕೊಟ್ಟಿದ್ದು 125. ನಡುವಿನ 70 ಎಲ್ಲಿ ಇಳೀತು ಅಂತ ನೀವ ಹೇಳ್ರಿ.


ತೀನ್ ಕಂದೀಲ್
ಸೋಮವಾರ, ರಾತ್ರಿ 8:41

ಅಣ್ಣಾ, ನಮ್ಮ ಬ್ಯಾಂಕಿನಾಗ ನಿಮ್ಮಷ್ಟು ಚೊಕ್ಕ ಲೆಕ್ಕ ಯಾರೂ ಕೊಡೂದಿಲ್ಲ.


ಗಾಣದ ಎತ್ತು
ಸೋಮವಾರ, ರಾತ್ರಿ 9:20

ನಡುವಿನ ಮಂದಿನ್ನ ಎಲ್ಲಾರೂ ಸೇರಿ ಹೊಡಿಯಾಕತ್ತೀರಿ, ನಾ ಕೊಪ್ಪಳದಾಗ ಅಂಥಾ ಒಬ್ಬ. ಸಣ್ಣ ಗಾಣ, ಅದ್ರ ಮುಂದ ಸಣ್ಣ ಅಂಗಡಿ. ಎಸಿ ಇಲ್ಲ.

ಶೇಂಗಾ ಎಣ್ಣಿ ಲೆಕ್ಕ ಕೇಳ್ರಿ. ಒಂದು ಲೀಟರಿಗೆ ಸುಮಾರು ಎರಡೂವರೆ ಕೆ.ಜಿ. ಕಾಳು ಬೇಕು. ಕಿಲೋಕ್ಕ 130 ಹಿಡದ್ರ 325 ಅಲ್ಲೇ ಆಯ್ತು. ಹಿಂಡಿ ಮಾರಿದ್ರ 60 ವಾಪಸ್. ಕರೆಂಟು, ಆಳು, ಬಾಟಲಿ 50. ನಾ 340ಕ್ಕ ಮಾರ್ತೀನಿ. ಅಕ್ಕಾವ್ರು ಕೊಟ್ಟ 420ರಾಗ 80 ಎಸಿಗೆ ಹೋಗೈತಿ. ಆದ್ರ ಗಾಣದ ಎಣ್ಣಿ 180ಕ್ಕ ಯಾರರ ಕೊಟ್ರ ತಗೋಬ್ಯಾಡ್ರಿ, ಕಾಳಿನ ರೊಕ್ಕಾನ ಅದಕ್ಕಿಂತ ಜಾಸ್ತಿ ಐತಿ.

ಅಕ್ಕಿ ಮಾರಾಟದ ಕಷ್ಟಾನೂ ಕೇಳ್ರಿ. ಪಾಲಿಶ್ ಇಲ್ಲದ ಅಕ್ಕಿ ತೌಡಿನ ಎಣ್ಣಿಗೆ ಲಗೂನ ಕಮಟು ವಾಸನಿ ಹಿಡೀತೈತಿ. ಹತ್ತು ಚೀಲ ತಂದ್ರ ಎರಡು ಹುಳಕ್ಕ, ಗಿರಾಕಿ ವಾಪಸ್ಸಿಗೆ. ಬಾಡಿಗಿ, ಹುಡುಗನ ಪಗಾರ. 70 ಹೆಚ್ಚಾತು, ಒಪ್ತೀನಿ. 55ಕ್ಕ ತಂದು 60ಕ್ಕ ಮಾರು ಅಂದ್ರ ನಾ ಶಟರ್ ಎಳೀಬೇಕು.

ಇನ್ನೊಂದು ಮಾತು, ನನ್ನ ವ್ಯಾಪಾರಕ್ಕ ನಾನ ಕಲ್ಲು ಹಾಕ್ಕೊಂಡಂಗ. ಗಾಣದ ಎಣ್ಣಿ ಅಂದ್ರ ಸಾವಯವ ಅಂತಲ್ಲ. ಕಾಳು ಎಪಿಎಂಸಿಯಿಂದ ತರ್ತೀನಿ, ಯಾರ ಹೊಲದ್ದೋ. ಹಿಂಡೂದು ಹಳೇ ರೀತಿ, ಅಷ್ಟ. ನನ್ನ ಬೋರ್ಡಿನಾಗ ಸಾವಯವ ಅಂತ ಬರದಿಲ್ಲ, ಆದ್ರ ಬಂದೋರೆಲ್ಲಾ ಹಂಗ ತಿಳ್ಕೊಂಡು ಹೋಗ್ತಾರ. ತಿದ್ದಬೇಕಿತ್ತು, ತಿದ್ದಿಲ್ಲ.


ಎರೆಹುಳು
ಸೋಮವಾರ, ರಾತ್ರಿ 9:44

ಗಾಣದವರ ಪ್ರಾಮಾಣಿಕತೆಗೆ ಶರಣು. ಕಾಳು ಆರಿಸುವಾಗ ಬೂಜು ಹಿಡಿದದ್ದನ್ನು ತೆಗೆದುಹಾಕಿ ಸರ್. ಅಫ್ಲಾಟಾಕ್ಸಿನ್ ಎಂಬ ವಿಷ ಆ ಬೂಜಿನಿಂದಲೇ. ರಿಫೈನ್ ಮಾಡಿದ ಎಣ್ಣೆಯಲ್ಲಿ ಅದು ಹೋಗಿರುತ್ತದೆ, ಗಾಣದ್ದರಲ್ಲಿ ಉಳಿಯಬಹುದು. 'ನೈಸರ್ಗಿಕ' ಎಂದು ಎಲ್ಲವೂ ಒಳ್ಳೆಯದಲ್ಲ.

ಪೌಷ್ಟಿಕಾಂಶದ ಬಗ್ಗೆಯೂ ಒಂದು ಮಾತು, ಯಾರೂ ಕೇಳದಿದ್ದರೂ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಾವಯವದಲ್ಲಿ ಜೀವಸತ್ವ ಹೆಚ್ಚು ಎಂಬುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಕೀಟನಾಶಕದ ಶೇಷ ಸಿಗುವ ಸಂಭವ ಮಾತ್ರ ಕಡಿಮೆ ಇತ್ತು. ಆದ್ದರಿಂದ ಶಕ್ತಿ ಬರುತ್ತದೆ ಎಂದು ಕೊಳ್ಳಬೇಡಿ. ಎಣ್ಣೆ ಹೆಚ್ಚು ಹೊಡೆಯುವ ಬೆಳೆ ಯಾವುದೆಂದು ನೋಡಿ ಕೊಳ್ಳಿ. ನಮ್ಮ ಮೂರು ಜಿಲ್ಲೆಗಳಲ್ಲಿ ಅದು ಕಾಲುವೆ ಕೆಳಗಿನ ಭತ್ತ, ಮೆಣಸಿನಕಾಯಿ. ತರಕಾರಿಯಲ್ಲಿ ಬದನೆ, ಹೂಕೋಸು. ನಮ್ಮ ಅಕ್ಕಿಯ ಬೆಂಕಿ ರೋಗಕ್ಕೆ ಹೊಡೆಯುವ ಟ್ರೈಸೈಕ್ಲಜೋಲ್‌ಗೆ ಯುರೋಪಿನವರು 2017ರಲ್ಲಿ ಮಿತಿಯನ್ನು ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿದಾಗ ಬಾಸ್ಮತಿ ರಫ್ತುದಾರರೆಲ್ಲ ಕಂಗಾಲಾಗಿದ್ದರು.


ತೀನ್ ಕಂದೀಲ್
ಸೋಮವಾರ, ರಾತ್ರಿ 9:58

ನಮ್ಮ ಅತ್ತಿಗೆಮ್ಮ ಹೇಳ್ತಾಳ, ಅಕ್ಕಿಯಾಗ ಹುಳ ಬಿದ್ರ ಅದೇ ಸರ್ಟಿಫಿಕೇಟು ಅಂತ. ಹುಳ ತಿಂದು ಬದುಕ್ಯಾದ ಅಂದ್ರ ವಿಷ ಇಲ್ಲ ಅಂತ. ಖರೆ ಏನು?


ಎರೆಹುಳು
ಸೋಮವಾರ, ರಾತ್ರಿ 10:03

ಅಲ್ಲ. ಗದ್ದೆಯಲ್ಲಿ ಹೊಡೆದ ಎಣ್ಣೆಯ ಅಂಶ ಅಕ್ಕಿಯಲ್ಲಿ ಹುಳ ಸಾಯುವಷ್ಟು ಉಳಿದಿರುವುದಿಲ್ಲ. ಯಾವ ಅಕ್ಕಿಯನ್ನಾದರೂ ಮಳೆಗಾಲದಲ್ಲಿ ಎರಡು ತಿಂಗಳು ಇಡಿ, ಹುಳ ಬರುತ್ತದೆ. ಅತ್ತಿಗೆಯವರಿಗೆ ನನ್ನ ಹೆಸರು ಹೇಳಬೇಡಿ.

ಗೊತ್ತಾಗಬೇಕೆಂದರೆ ಪರೀಕ್ಷೆಯೇ ದಾರಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಶೇಷ ಪರೀಕ್ಷಿಸುವ ಪ್ರಯೋಗಾಲಯ ಇದೆ. ಒಂದು ಮಾದರಿಗೆ ಸಾವಿರಾರು ರೂಪಾಯಿ ಬೀಳುತ್ತದೆ, ಒಂದು ಮನೆಗೆ ಅದು ಭಾರ. ನಾಲ್ಕೈದು ಮನೆ ಸೇರಿದರೆ ಆಗದ್ದೇನಲ್ಲ.


ಬಳ್ಳಾರಿ ಬಿಸಿಲು
ಸೋಮವಾರ, ರಾತ್ರಿ 10:15

ಕಾರಟಗಿ ಅಣ್ಣಾವ್ರೇ, ನೇರವಾಗಿ ಕೇಳ್ತೀನಿ. ನಿಮ್ಮ ಹತ್ರ ಅಕ್ಕಿ ಐತೇನ್ರಿ? ನಮ್ಮ ಬಿಲ್ಡಿಂಗ್‌ನಾಗ ನಾಕು ಮನಿ ಅದಾವು. ಎಷ್ಟಕ್ಕ ಕೊಡ್ತೀರಿ?


ಕಾರಟಗಿ ಗದ್ದಿ
ಮಂಗಳವಾರ, ಬೆಳಗ್ಗೆ 5:50

ಐತ್ರೀ ಅಕ್ಕ. ಕಿಲೋಕ್ಕ 75. ಮಿಲ್ಲಿಗೆ ಹಾಕ್ಸಿ 25 ಕೆ.ಜಿ. ಚೀಲ ಮಾಡಿ ಬಳ್ಳಾರಿ ಬಸ್ಸಿಗೆ ಹಾಕ್ತೀನಿ, ಬಸ್ಸಿನ ಚಾರ್ಜ್ ನಿಮ್ದು. ರೊಕ್ಕ ಅಕ್ಕಿ ನೋಡಿ ಕೊಡ್ರಿ. ಉದ್ರಿ ಎರಡು ತಿಂಗಳು ಬ್ಯಾಡ, ಅಷ್ಟ.

ಪರೀಕ್ಷಿನೂ ಮಾಡ್ಸ್ರಿ, ನನಗೂ ತಿಳೀಲಿ. ಒಂದು ಮಾತು ಮೊದಲ ಹೇಳಿ ಬಿಡ್ತೀನಿ. ಕಾಲುವಿ ನೀರು ನನ್ನ ಗದ್ದಿಗೆ ನೇರ ಬರಂಗಿಲ್ಲ. ಮ್ಯಾಲಿನ ಗದ್ದಿ ತುಂಬಿ, ಅದರ ಬದುವಿನ ಕಂಡಿಯಿಂದ ನನ್ನ ಗದ್ದಿಗೆ ಇಳೀತೈತಿ. ಅವರು ಮುಂಜಾನೆ ಕಂದು ಜಿಗಿಹುಳಕ್ಕ ಹೊಡದ್ರ ಮಧ್ಯಾಹ್ನ ಆ ನೀರು ನನ್ನಲ್ಲಿ. ಅವತ್ತು ಕಂಡಿ ಮುಚ್ಚತೀನಿ, ಆದ್ರ ಹೊಡಿಯೂ ಸುದ್ದಿ ಎಲ್ಲಾರೂ ಹೇಳಂಗಿಲ್ಲ. ಈಗ ಡ್ರೋನ್ ಬ್ಯಾರೆ ಬಂದಾವು, ಗಾಳಿ ಬೀಸಿದ ಕಡೆ ಹನಿ. ಬದುವಿನ ಗುಂಟ ಎಂಟು ಸಾಲು ಭತ್ತ ಬ್ಯಾರೆ ಕೊಯ್ದು ಮಿಲ್ಲಿಗೆ ಹಾಕ್ತೀನಿ, ಸಾವಯವದಾಗ ಸೇರ್ಸಂಗಿಲ್ಲ.

ಪರೀಕ್ಷ್ಯಾಗ ಏನರ ಚೂರು ಬಂತು ಅಂದ್ರ ನನ್ನ ಸುಳ್ಳುಗಾರ ಅನಬ್ಯಾಡ್ರಿ. ನಾ ಹೊಡದಿಲ್ಲ. ನೀರಿನ ಮಾತು ನಾ ಆಡಾಕ ಬರಂಗಿಲ್ಲ.


ಯಲಬುರ್ಗಿ ಎರಿ
ಮಂಗಳವಾರ, ಬೆಳಗ್ಗೆ 6:30

ಇದಕ್ಕ ನೋಡು ತಮ್ಮಾ, ಮಳಿ ನೀರು ಮ್ಯಾಲಿಂದ ನೇರ ಬೀಳ್ತೈತಿ, ಯಾರ ಗದ್ದಿ ದಾಟಿ ಬರಂಗಿಲ್ಲ. ಕಾಲುವಿ ಇಲ್ಲ ಅಂತ ನಮ್ಮ ಊರಿಗೆ ಹೆಣ್ಣು ಕೊಡಾಕ ಹಿಂದ ಮುಂದ ನೋಡ್ತಿದ್ರು. ಇರ್ಲಿ.

ತಂಗೀ, ಜೋಳ ಬೇಕಂದ್ರ ನನಗ ಹೇಳು. ಸಂತಿ ರೇಟ ನಿನಗೂ. ಬೀಸಿದ ಹಿಟ್ಟು ಕೇಳಬ್ಯಾಡ, ಕಾಳು ಕೊಡ್ತೀನಿ. ನಿಮ್ಮ ಓಣಿ ಗಿರಣ್ಯಾಗ ಹದಿನೈದು ದಿನಕ್ಕೊಮ್ಮೆ ಬೀಸಿಸು. ಹಿಟ್ಟು ಹಳೇದಾದ್ರ ರೊಟ್ಟಿ ಬಡಿಯೂವಾಗ ಅಂಚು ಬಿರೀತೈತಿ, ಆಮ್ಯಾಲೆ ಜೋಳ ಸರಿ ಇಲ್ಲ ಅಂತ ನನ್ನ ಬೈತಿ.


ಬಳ್ಳಾರಿ ಬಿಸಿಲು
ಶನಿವಾರ, ಸಂಜೆ 6:05

ಸುದ್ದಿ: ಅಕ್ಕಿ ಎರಡು ಚೀಲ ಬಂತು. ನಾಕು ಮನಿಯವ್ರು ಮೆಟ್ಲ ಮ್ಯಾಲೆ ಕುಂತು ಹಂಚ್ಕೊಂಡ್ವಿ. ಮೂರನೇ ಮಹಡಿಯವ್ರಿಗೆ ನುಚ್ಚು ಜಾಸ್ತಿ ಅಂತ ತಕರಾರು. ನನಗೂ ಅನ್ನ ಸ್ವಲ್ಪ ಗಟ್ಟಿ ಅನಿಸ್ತು, ತಾಸು ನೆನೆ ಹಾಕಿ ಮಾಡಿದ್ರ ಪರವಾಗಿಲ್ಲ. ಮಗಳು ಮೊದಲ ದಿನ ಬ್ಯಾಡ ಅಂದ್ಲು, ಕೆಂಪು ಅನ್ನ ಅಂತ. ಪರೀಕ್ಷಿಗೆ ಅರ್ಧ ಕಿಲೋ ತಗದು ಇಟ್ಟೀನಿ. ಕಂದೀಲ್ ಅಣ್ಣ ರಾಯಚೂರಾಗ ಕೊಟ್ಟು ಬರ್ತೀನಿ ಅಂದಾರ.

ಜೋಳ ಯಲಬುರ್ಗಿ ಕಾಕಾವ್ರಿಂದ. ಶೇಂಗಾ ಎಣ್ಣಿಗೆ ಬ್ಯಾರೆ ದಾರಿ ನೋಡಬೇಕು, ಕೊಪ್ಪಳ ದೂರ. ಮೆಣಸಿನಪುಡಿ ಮಾತ್ರ ಮತ್ತ ಅದ ಅಂಗಡಿಯಿಂದ, ಗುರುತು ನೋಡಿ. ಮನಿಯವ್ರು ಈ ಸಲ ಬಿಲ್ ತಿರುವಲಿಲ್ಲ.

ಆ ಗುಲಾಬಿ ಉಪ್ಪು ಮುಕ್ಕಾಲು ಕಿಲೋ ಹಂಗ ಉಳದೈತಿ. ಏನ್ ಮಾಡ್ಲಿ?


ಡಬ್ಬಿ ಮೆಣಸಿನಕಾಯಿ
ಶನಿವಾರ, ಸಂಜೆ 6:12

ಉಪ್ಪಿನಕಾಯಿಗೆ ಹಾಕ್ರಿ ಅಕ್ಕ. ಮಾವಿನ ಮಿಡಿ ಬಂದಾವು. ಖಾರ ನಾ ಕಳಸ್ತೀನಿ, ಬಾವಿ ಕಡೆ ಸಾಲಿಂದು.